ದೇವಿಯ ಎಡಹುಬ್ಬು

ಚೀಟಿ, ಪೆನ್ಸಿಲ್ ಹಿಡಿದು ಬಂದ ಹುಡುಗಿಗೆ ಪ್ರೇಮಲೀಲಾ ಮೊದಲು ಬೇಡವೆಂದು ತಲೆಯಾಡಿಸಿದಳು. ಕಲಾವಿದನ ಹೆಂಡತಿಗೆ ಕಲಾವಿದನನ್ನು ಕೇಳುವುದಕ್ಕೆ ಏನಿರುತ್ತದೆ? ಇದ್ದರೂ ಮನೆಯಲ್ಲಿ ಅನ್ನ ಬಡಿಸುವಾಗ ಕೇಳಬಹುದು. ಹುಡುಗಿ ಮುಂದಿನ ಸಾಲಿಗೆ ಹೋದಳು. ಅನ್ನ ಬಡಿಸುತ್ತಲೇ ಇಪ್ಪತ್ತೊಂಬತ್ತು ವರ್ಷ ಕಳೆದರೂ ಕೇಳಲಾಗದೆ ಉಳಿದ ಮಾತೊಂದು ಇದೆಯಲ್ಲ ಅನ್ನಿಸಿ, ಅವಳೇ ಎದ್ದುಹೋಗಿ ಒಂದು ಚೀಟಿ ಇಸಿದುಕೊಂಡು ಬಂದಳು.

ಮೈಸೂರಿನ ಗೋಕುಲಂನಲ್ಲಿ ಲಾಸ್ಯ ಎಂಬಾಕೆಯ ಮನೆಯ ಮಹಡಿ ಅದು. ತಿಂಗಳಿಗೊಂದು ಭಾನುವಾರ ಊರಿನ ಮೂವರು ಕಲಾವಿದರನ್ನು ಕರೆಸಿ, ನಿಮ್ಮ ಕೆಲಸ ಹೇಗೆ, ನಿಮಗೆ ಸ್ಫೂರ್ತಿ ಯಾವುದು ಎಂದು ಅವರ ಬಾಯಲ್ಲೇ ಕೇಳುವುದು ಅವಳ ಪರಿಪಾಠ. ಯೋಗ ಕಲಿಯಲು ಬಂದ ಹತ್ತು ಹನ್ನೆರಡು ವಿದೇಶಿಯರು ಚಾಪೆಯ ಮೇಲೆ ಪದ್ಮಾಸನ ಹಾಕಿ ನೆಟ್ಟಗೆ ಕೂತಿದ್ದರು. ನಮ್ಮವರು ಮಂಡಿ ನೋವೆಂದು ಕುರ್ಚಿ ಹಿಡಿದಿದ್ದರು. ಜನ ಎದ್ದು ನಿಂತು ಕೇಳಲು ನಾಚುತ್ತಾರೆಂದು ಲಾಸ್ಯ ಚೀಟಿಯ ಉಪಾಯ ಮಾಡಿದ್ದಳು. ಹೆಸರು ಬರೆಯಬೇಕಾಗಿರಲಿಲ್ಲ. ಪ್ರೇಮಲೀಲಾಳಿಗೆ ಧೈರ್ಯ ಬಂದದ್ದೇ ಅದರಿಂದ. ‘ಈ ಚಿತ್ರಕಾರರ ದೇವಿಯರಿಗೆಲ್ಲ ಒಂದೇ ಮುಖ. ಅದು ಯಾರ ಮುಖ?’ ಎಂದು ಬರೆದಳು. ತನ್ನ ಅಕ್ಷರ ಗುರುತು ಸಿಗದಿರಲೆಂದು ಶಾಲೆಯ ಮಕ್ಕಳಂತೆ ಗುಂಡಗುಂಡಗೆ ಬರೆದು, ನಾಲ್ಕು ಮಡಿಕೆ ಮಡಿಸಿ, ಹಿತ್ತಾಳೆ ಬೋಗುಣಿಯೊಳಗೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಳು.

ಅವಳ ಗಂಡ ಸಿದ್ದಲಿಂಗಸ್ವಾಮಿ ಮೈಸೂರು ಶೈಲಿಯ ಚಿತ್ರಗಳನ್ನು ಬರೆಯುವವನು. ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಅಂಟಿಸಿ, ಕಿರೀಟ, ಕಾಸಿನ ಸರ, ಸೀರೆಯ ಅಂಚು ಮಿನುಗುವಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಲಕ್ಷ್ಮಿಯಾಗಲಿ, ಸರಸ್ವತಿಯಾಗಲಿ, ರಾಜರಾಜೇಶ್ವರಿಯಾಗಲಿ, ಸೀರೆ ಬದಲು, ಆಯುಧ ಬದಲು, ವಾಹನ ಬದಲು, ಮುಖ ಮಾತ್ರ ಅದೇ. ಉದ್ದ ಕಣ್ಣು, ತುಂಬಿದ ಗಲ್ಲ, ಎಡಹುಬ್ಬು ಬಲಹುಬ್ಬಿಗಿಂತ ಒಂದು ಕೂದಲೆಳೆಯಷ್ಟು ಮೇಲೆ. ಈಗ ತಾನೇ ಏನೋ ಕೇಳಲು ಹೊರಟವಳಂತೆ ಇರುತ್ತಾಳೆ, ಅದೇ ಚೆಂದ ಎಂದು ಗಿರಾಕಿಗಳು ಹೇಳುತ್ತಿದ್ದರು.

ಆ ಹುಬ್ಬನ್ನು ಪ್ರೇಮಲೀಲಾ ನೋಡಿದ್ದಳು. ಮದುವೆಯಾದ ಹೊಸತರಲ್ಲಿ ಅವನು ಕೆಲಸ ಕಲಿತ ಜಾಗ ತೋರಿಸುತ್ತೇನೆಂದು ಅವಳನ್ನು ಅಗ್ರಹಾರಕ್ಕೆ ಕರೆದುಕೊಂಡು ಹೋಗಿದ್ದ. ಗುರುಗಳಾದ ಮಹದೇವಪ್ಪ ಮೇಷ್ಟ್ರು ತೀರಿಕೊಂಡು ಆಗಲೇ ವರ್ಷವಾಗಿತ್ತು. ಎದುರು ಮನೆಯ ಸುಂದರಮ್ಮ ಎಂಬಾಕೆ ಇಬ್ಬರನ್ನೂ ಒಳಗೆ ಕರೆದು, ಹೊಸ ಹೆಣ್ಣಿಗೆ ಅರಿಶಿನ ಕುಂಕುಮ ಕೊಟ್ಟು, ಮಜ್ಜಿಗೆ ಕುಡಿಸಿದಳು. ಬೆಳ್ಳಗಿನ ಹೆಂಗಸು, ಉದ್ದ ಕಣ್ಣು. ‘ನಮ್ಮ ಸಿದ್ದಲಿಂಗು ಅಂತೂ ಮದ್ವೆ ಆದ’ ಎಂದು ನಕ್ಕಾಗ ಅವಳ ಎಡಹುಬ್ಬು ಮೇಲೆ ಹೋಯಿತು. ಪ್ರೇಮಲೀಲಾ ಕುಡಿಯುತ್ತಿದ್ದ ಮಜ್ಜಿಗೆಯನ್ನು ಅರ್ಧಕ್ಕೇ ಕೆಳಗಿಟ್ಟಳು. ಅಂದಿನಿಂದ ಅವಳು ಆ ಬೀದಿ ತುಳಿಯಲಿಲ್ಲ. ಪೇಟೆಗೆ ಹೋಗುವಾಗಲೂ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಸುಂದರಮ್ಮ ಮಗಳ ಜೊತೆ ತುಮಕೂರಿಗೆ ಹೋಗಿ ನೆಲೆಸಿದಳೆಂದು ಕೇಳಿದ ಮೇಲೂ ಕಾಲು ಸುತ್ತಿನ ದಾರಿಯನ್ನೇ ಹಿಡಿಯುತ್ತಿತ್ತು.

ಅನುಮಾನಕ್ಕೆ ಇನ್ನೊಂದು ಆಧಾರವೂ ಇತ್ತು. ಚಿತ್ರವೆಲ್ಲ ಮುಗಿದು ಕೊನೆಗೆ ಕಣ್ಣು ಬಿಡಿಸುವ ದಿನ ಸಿದ್ದಲಿಂಗಸ್ವಾಮಿ ಕೆಲಸದ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ. ಕಾಫಿಗೆ ಕರೆದರೂ ತೆರೆಯುತ್ತಿರಲಿಲ್ಲ. ಆ ಕೋಣೆಯಲ್ಲಿ ಅವನ ಹಲಗೆ, ಬಣ್ಣದ ಚಿಪ್ಪುಗಳು, ಕಿಟಕಿಯ ಸರಳಿಗೆ ತೂಗುಹಾಕಿದ, ದಿನಾ ಗಡ್ಡ ಹೆರೆದುಕೊಳ್ಳುವ ಕನ್ನಡಿ, ಇಷ್ಟು ಬಿಟ್ಟರೆ ಇನ್ನೇನೂ ಇರಲಿಲ್ಲ. ಒಬ್ಬನೇ ಕೂತು ಆ ಸುಂದರಮ್ಮನನ್ನು ನೆನೆಸಿಕೊಳ್ಳುತ್ತಾನೆ ಎಂದು ಪ್ರೇಮಲೀಲಾ ಹೊರಗೆ ಸೊಪ್ಪು ಬಿಡಿಸುತ್ತ ತೀರ್ಮಾನಿಸಿದ್ದಳು. ಒಳ್ಳೆಯ ಗಂಡ. ಕುಡಿತವಿಲ್ಲ, ಜೂಜಿಲ್ಲ, ಏರುದನಿಯಲ್ಲಿ ಒಂದು ಮಾತೂ ಆಡಿದವನಲ್ಲ. ಅಂಥವನನ್ನು ಏನೆಂದು ಕೇಳುವುದು? ಅವಳು ಮಾಡಿದ್ದು ಒಂದೇ. ಮೈಸೂರಿನ ಎಷ್ಟೋ ಮನೆಗಳಲ್ಲಿ ಅವನು ಬರೆದ ದೇವಿಗೆ ದೀಪ ಹಚ್ಚುತ್ತಿದ್ದರೂ ತನ್ನ ದೇವರ ಮನೆಯಲ್ಲಿ ಬಟ್ಟೆ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನ ಪಾರ್ವತಿಯನ್ನು ತೂಗುಹಾಕಿಕೊಂಡಳು. ತಾರೀಖಿನ ಹಾಳೆಗಳು ಮುಗಿದರೂ ಚಿತ್ರ ಅಲ್ಲೇ ಇತ್ತು. ಬಂದ ನೆಂಟರು ತಮಾಷೆ ಮಾಡುತ್ತಿದ್ದರು. ಸಿದ್ದಲಿಂಗಸ್ವಾಮಿ ಮಾತ್ರ ಯಾಕೆಂದು ಒಂದು ದಿನವೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನೂ ಅವಳು ಅನುಮಾನದ ಲೆಕ್ಕಕ್ಕೇ ಸೇರಿಸಿಕೊಂಡಿದ್ದಳು.

ಕಾರ್ಯಕ್ರಮ ಶುರುವಾಯಿತು. ಮಣ್ಣಿನ ಪಾತ್ರೆ ಮಾಡುವ ಸಿಂಚನ, ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೇಲಿನ ಮಂಜೇ ತನಗೆ ಸ್ಫೂರ್ತಿ ಎಂದಳು. ಕಲ್ಲು ಕೆತ್ತುವ ಬೀರೇಶ್, ಕಲ್ಲು ತನ್ನ ಜೊತೆ ಮಾತಾಡುತ್ತದೆ ಎಂದು ಕಣ್ಣು ಮುಚ್ಚಿ ಹೇಳಿದ. ಸಿದ್ದಲಿಂಗಸ್ವಾಮಿಯ ಸರದಿ ಬಂದಾಗ ಅವನು ಮೈಕನ್ನು ಕುಂಚದ ಹಾಗೆ ಮೂರು ಬೆರಳಲ್ಲಿ ಹಿಡಿದುಕೊಂಡ. ಕಾಗದವನ್ನು ಹದ ಮಾಡುವುದು, ಅಳತೆಗೆರೆ ಹಾಕುವುದು, ರೇಕು ಉಜ್ಜುವುದು ಎಲ್ಲವನ್ನೂ ಅಡುಗೆ ಹೇಳಿಕೊಟ್ಟಂತೆ ಒಂದೊಂದಾಗಿ ಹೇಳಿದ. ಸ್ಫೂರ್ತಿ ಯಾವುದು ಎಂದು ಲಾಸ್ಯ ಕೇಳಿದ್ದಕ್ಕೆ, ಗಿರಾಕಿ ಹೇಳಿದ ತಾರೀಖು ಎಂದ. ಜನ ನಕ್ಕರು. ಪ್ರೇಮಲೀಲಾಳಿಗೂ ನಗು ಬಂತು, ಆದರೆ ಬೋಗುಣಿ ನೆನಪಾಗಿ ನಿಂತುಹೋಯಿತು.

ಲಾಸ್ಯ ಚೀಟಿಗಳನ್ನು ಓದತೊಡಗಿದಳು. ನಾಲ್ಕನೆಯದು ಅದೇ. ಓದಿದ ಕೂಡಲೇ ಎರಡನೆಯ ಸಾಲಿನಲ್ಲಿ ಕೂತಿದ್ದ ಸರೋಜಮ್ಮ ಎಂಬ ಹಿರಿಯ ಹೆಂಗಸು, ತನಗೂ ಇದನ್ನು ಕೇಳಬೇಕೆಂದಿತ್ತು, ತಮ್ಮ ದೇವರ ಮನೆಯಲ್ಲಿ ಹದಿನೈದು ವರ್ಷದಿಂದ ಇವರದೇ ಲಕ್ಷ್ಮಿ ಇದೆ ಎಂದರು.

ಸಿದ್ದಲಿಂಗಸ್ವಾಮಿ ಮೈಕನ್ನು ಮಡಿಲಲ್ಲಿಟ್ಟುಕೊಂಡು ನೀರು ಕುಡಿದ. ಮತ್ತೆ ಕುಡಿದ. ಅವನ ಕಿವಿ ಕೆಂಪಾದದ್ದು ಹಿಂದಿನ ಸಾಲಿಗೂ ಕಾಣುತ್ತಿತ್ತು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಇವತ್ತು ನಲವತ್ತು ಜನರ ಮುಂದೆ ಬಗೆಹರಿಸಿಕೊಳ್ಳುವ ಬುದ್ಧಿ ತನಗೆ ಯಾಕೆ ಬಂತೋ ಎಂದು ಪ್ರೇಮಲೀಲಾ ತನ್ನನ್ನೇ ಬೈದುಕೊಂಡಳು. ಅವನು ಆ ಹೆಸರು ಹೇಳಿದರೆ ಎದ್ದುಹೋಗಲು ಸುಲಭವಾಗಲೆಂದು ಚಪ್ಪಲಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡಿಟ್ಟುಕೊಂಡಳು.

“ಒಂದಲ್ಲ ಒಂದಿನ ಯಾರಾದ್ರೂ ಕೇಳ್ತಾರೆ ಅಂತ ಗೊತ್ತಿತ್ತು. ಹೇಳ್ಬುಡ್ತೀನಿ” ಎಂದ ಸಿದ್ದಲಿಂಗಸ್ವಾಮಿ.

ಮಹದೇವಪ್ಪ ಮೇಷ್ಟ್ರದು ಒಂದು ಕಟ್ಟುನಿಟ್ಟು ಇತ್ತಂತೆ. ದೇವಿಯ ಮೈ ಅಳತೆಯಿಂದ ಬರಬೇಕು, ಮುಖ ಅವಳ ರೂಪ ಬಣ್ಣಿಸುವ ಧ್ಯಾನಶ್ಲೋಕದಿಂದ ಬರಬೇಕು. ಕಂಡ ಹೆಂಗಸಿನ ಮುಖವನ್ನು ದೇವಿಗೆ ಹಾಕಕೂಡದು. ಹೆತ್ತ ತಾಯಿಯದಾದರೂ ಸರಿ, ಹಾಕಕೂಡದು. ಶ್ಲೋಕ ಇವನಿಗೆ ಬಾಯಿಗೆ ಬರುತ್ತಿತ್ತೇ ಹೊರತು ಕೈಗೆ ಬರುತ್ತಿರಲಿಲ್ಲ. ಬರೆದ ಮುಖವೆಲ್ಲ ರೇಷನ್ ಕಾರ್ಡಿನ ಫೋಟೊದಂತಿರುತ್ತಿತ್ತು. ಹತ್ತೊಂಬತ್ತು ವಯಸ್ಸು. ಒಂದು ಬೆಳಿಗ್ಗೆ ಮೇಷ್ಟ್ರು ಒಂದು ರಾಜರಾಜೇಶ್ವರಿಯನ್ನು ಮುಂದಿಟ್ಟು, ಸಂಜೆಯೊಳಗೆ ಇವಳ ಮುಖ ಬರೆದು ಕಣ್ಣು ಬಿಡಿಸು, ಆಗದಿದ್ದರೆ ನಿಮ್ಮಪ್ಪನ ಅಂಗಡಿಯಲ್ಲಿ ಹೋಗಿ ಕೂರು ಎಂದು ಹೊರಟುಹೋದರು.

“ಮಧ್ಯಾಹ್ನದವರ್ಗೂ ಅಳ್ತಾ ಕೂತಿದ್ದೆ. ಎದುರ್ಗೆ ಮೇಷ್ಟ್ರು ಗಡ್ಡ ಮಾಡ್ಕೊಳ್ಳೋ ಕನ್ನಡಿ. ಹೆಂಗಸಿನ ಮುಖ ತಾನೇ ಹಾಕ್ಬಾರ್ದು ಅಂದಿರೋದು ಅನ್ನಿಸ್ತು. ನಂಗಿನ್ನೂ ಮೀಸೆನೂ ನೆಟ್ಟಗೆ ಬಂದಿರ್ಲಿಲ್ಲ.” ಅವನು ತಲೆ ತಗ್ಗಿಸಿದ. “ಅದು ನಂದೇ ಮುಖ ಕಣ್ರೀ.”

ಅವನೇ ಮುಂದುವರಿಸಿ ಹೇಳಿದ. ಸಂಜೆ ಬಂದ ಮೇಷ್ಟ್ರು ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಇವಳು ಎಲ್ಲಿದ್ದಳೋ ಇಷ್ಟು ದಿನ ಎಂದರಂತೆ. ಅಂದಿನಿಂದ ಎಲ್ಲ ಚಿತ್ರಗಳ ಮುಖವೂ ಇವನ ಪಾಲಿಗೇ ಬಂತು. ಆಮೇಲೆ ನಿಜ ಹೇಳುವುದು ಹೇಗೆ? ಈಗ ಮುಖ ಕೈಯಲ್ಲಿ ಕೂತುಬಿಟ್ಟಿದೆ, ಕಣ್ಣಿಗೆ ಮಾತ್ರ ಇವತ್ತಿಗೂ ಕನ್ನಡಿ ಬೇಕು. ಕನ್ನಡಿಯ ಮುಂದೆ ದೇವಿಯಂತೆ ಸಣ್ಣಗೆ ನಗುತ್ತ ಕೂತಿರುವುದನ್ನು ಹೆಂಡತಿ ನೋಡಿದರೆ ಏನೆಂದುಕೊಂಡಾಳು ಎಂದು ಚಿಲಕ ಹಾಕಿಕೊಳ್ಳುತ್ತೇನೆ ಎಂದ.

ಬೀರೇಶ್ ತನ್ನ ಕಲ್ಲುಗಳನ್ನೆಲ್ಲ ಮರೆತು, ಮೀಸೆ ಮುಚ್ಚಿ ತೋರಿಸಿ ಸಾರ್ ಎಂದ. ಸಿದ್ದಲಿಂಗಸ್ವಾಮಿ ಅಂಗೈಯಿಂದ ಮೀಸೆ ಮುಚ್ಚಿಕೊಂಡ. ವಿದೇಶಿಯರು ಚಪ್ಪಾಳೆ ತಟ್ಟಿದರು. ಅವನ ಕಣ್ಣು ಮಾತ್ರ ಸರೋಜಮ್ಮನವರ ಮೇಲೇ ಇತ್ತು.

“ಅಂದ್ರೆ ಹದಿನೈದು ವರ್ಷದಿಂದ ಶುಕ್ರವಾರ ಶುಕ್ರವಾರ ನಾನು ಆರತಿ ಎತ್ತಿದ್ದು ನಿಮ್ಗಾ?” ಎಂದರು ಅವರು.

ಸಿದ್ದಲಿಂಗಸ್ವಾಮಿ ಕೈ ಮುಗಿದ. ಬೇಕಾದರೆ ಬೇರೆ ಬರೆದುಕೊಡುತ್ತೇನೆ ಎಂದು ತೊದಲಿದ. ಸರೋಜಮ್ಮ ಸ್ವಲ್ಪ ಹೊತ್ತು ಅವನನ್ನೇ ದಿಟ್ಟಿಸಿ ನೋಡಿದರು.

“ಬೇಡ ಬುಡಿ. ಬೇಡ್ಕೊಂಡಿದ್ದೆಲ್ಲ ಆಗಿದೆ. ನಮ್ಮನೆ ಲಕ್ಷ್ಮಿ ನಮ್ಮನೇಲೇ ಇರ್ಲಿ.”

ಮಹಡಿ ತುಂಬ ನಗು ಎದ್ದಿತು. ಸಿದ್ದಲಿಂಗಸ್ವಾಮಿಯೂ ನಕ್ಕ. ಅಷ್ಟು ಹಗುರವಾಗಿ ಅವನು ನಕ್ಕಿದ್ದನ್ನು ಪ್ರೇಮಲೀಲಾ ನೋಡಿರಲಿಲ್ಲ. ಅವಳ ಎದೆಯೂ ಹಗುರವಾಗಬೇಕಿತ್ತು, ಮುಕ್ಕಾಲು ಪಾಲು ಆಗಿಯೂ ಇತ್ತು. ಆದರೆ ಹುಬ್ಬು? ಚಿಕ್ಕಂದಿನಲ್ಲಿ ಬಿದ್ದು ಗಾಯವಾಗಿ ಅವನಿಗೆ ಮೇಲೆ ಸರಿದಿರುವುದು ಬಲಹುಬ್ಬು. ದೇವಿಯದು ಎಡಹುಬ್ಬು. ಸುಂದರಮ್ಮನದೂ ಎಡಹುಬ್ಬೇ. ಹಾಳು ಅನುಮಾನ, ಹೋಗುವಾಗಲೂ ಬಾಲ ಬಿಟ್ಟು ಹೋಯಿತು.

ಮನೆಯಿರುವ ದಟ್ಟಗಳ್ಳಿಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಮಾತು ಕಡಿಮೆಯ ಸಿದ್ದಲಿಂಗಸ್ವಾಮಿ ಅಂದು ಸುಮ್ಮನಾಗಲೇ ಇಲ್ಲ. ಆ ಚೀಟಿ ಬರೆದವರು ಯಾರೋ ಪುಣ್ಯಾತ್ಮರು, ತಲೆಯ ಮೇಲಿನ ಮೂಟೆ ಇಳಿಸಿದರು ಎಂದು ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ಅವಳು, ಅಷ್ಟು ಭಾರವಿದ್ದರೆ ತನ್ನ ಹತ್ತಿರ ಹೇಳಬಹುದಿತ್ತಲ್ಲ ಎಂದಳು.

“ನಿಂಗೆ ಗೊತ್ತು ಅಂತಲೇ ತಿಳ್ಕೊಂಡಿದ್ದೆ ಪ್ರೇಮಾ. ದೇವರ ಮನೇಲಿ ಕ್ಯಾಲೆಂಡರ್ ತಗ್ಲಾಕಿದ್ಯಲ್ಲ, ಆವತ್ತೇ ನನ್ನ ಗುರುತು ಹಿಡಿದ್ಬುಟ್ಳು ಅನ್ಕೊಂಡೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗೆ. ಗಂಡನ ಮುಖಕ್ಕೆ ಯಾರು ದೀಪ ಹಚ್ತಾರೆ, ಅವಳು ಮಾಡಿದ್ದು ಸರಿಯಾಗೇ ಇದೆ ಅಂತ ಸುಮ್ಮನಿದ್ದೆ.”

ಆ ಕ್ಯಾಲೆಂಡರಿನಿಂದ ತಾನು ಅವನನ್ನು ಶಿಕ್ಷಿಸುತ್ತಿದ್ದೇನೆ ಎಂದು ಪ್ರೇಮಲೀಲಾ ಅಂದುಕೊಂಡಿದ್ದಳು. ಅವನೂ ಅದನ್ನು ಶಿಕ್ಷೆಯೆಂದೇ ತೆಗೆದುಕೊಂಡಿದ್ದ, ಮಾಡದ ತಪ್ಪಿಗಲ್ಲ, ಮಾಡಿದ ತಪ್ಪಿಗೆ. ಮನೆ ಬರುವವರೆಗೂ ಅವಳು ಅವನ ಕೈಚೀಲವನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಹೋದಾಗ ಕೆಲಸದ ಕೋಣೆಯ ಬಾಗಿಲು ತೆರೆದೇ ಇತ್ತು. ಸಿದ್ದಲಿಂಗಸ್ವಾಮಿ ಕಿಟಕಿಯ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂದು ಕೆನ್ನೆ ಆಗಿತ್ತು, ಇನ್ನೊಂದರ ತುಂಬ ನೊರೆ. ಲೋಟವನ್ನು ಕಿಟಕಿಯಲ್ಲಿಟ್ಟು ಹಿಂತಿರುಗಬೇಕೆಂದಿದ್ದ ಪ್ರೇಮಲೀಲಾ ಅವನ ಹೆಗಲ ಮೇಲಿಂದ ಕನ್ನಡಿಯೊಳಗೆ ನೋಡಿದಳು. ಬಗ್ಗಿ ಅವನ ಮುಖ ನೋಡಿದಳು. ಇನ್ನೊಮ್ಮೆ ಕನ್ನಡಿ ನೋಡಿದಳು. ಇಲ್ಲಿ ಬಲಹುಬ್ಬಾಗಿದ್ದದ್ದು ಕನ್ನಡಿಯೊಳಗಿನ ಮುಖಕ್ಕೆ ಎಡಹುಬ್ಬಾಗಿತ್ತು.

“ಒಂದ್ನಿಮಿಷ ಅಲ್ಲಾಡ್ಬೇಡಿ” ಎಂದಳು.

ಹಿಂದಿನಿಂದ ಕೈ ಚಾಚಿ ಅಂಗೈಯಿಂದ ಅವನ ಮೀಸೆ ಮುಚ್ಚಿದಳು. ಉದ್ದ ಕಣ್ಣು, ತುಂಬಿದ ಗಲ್ಲ, ಕೂದಲೆಳೆಯಷ್ಟು ಮೇಲೆ ಹೋದ ಎಡಹುಬ್ಬು. ಈಗ ತಾನೇ ಏನೋ ಕೇಳಲು ಹೊರಟಂತೆ ಆ ಮುಖ ಅವಳನ್ನೇ ನೋಡುತ್ತಿತ್ತು. ಪ್ರೇಮಲೀಲಾಳಿಗೆ ಮೊದಲು ನಗು ಬಂತು, ಹಿಂದೆಯೇ ಅಳುವೂ ಬಂತು. ಪಾಪ ಸುಂದರಮ್ಮ, ಅಷ್ಟು ಪ್ರೀತಿಯಿಂದ ಮಜ್ಜಿಗೆ ಕೊಟ್ಟಿದ್ದಳು. ಏನಾಯಿತೆಂದು ಅವನು ಬಾಯಿ ತೆರೆಯಹೋದ. ಅವಳು ಕೈ ತೆಗೆಯಲಿಲ್ಲ.

ಆಮೇಲೆ ಸೆರಗಿನಿಂದ ಕೈಯ ನೊರೆ ಒರೆಸಿಕೊಂಡು, ಹಲಗೆಯ ಪಕ್ಕ ಗೋಡೆಗೆ ಒರಗಿಸಿದ್ದ, ಕಟ್ಟು ಹಾಕಿಸಿ ತಂದಿದ್ದ ಒಂದು ಸಣ್ಣ ಪಾರ್ವತಿಯನ್ನು ಎತ್ತಿಕೊಂಡಳು. ಇದನ್ನು ಯಾರಿಗಾದರೂ ಕೊಡಲು ಒಪ್ಪಿಕೊಂಡಿದ್ದೀರಾ ಎಂದು ಕೇಳಿದಳು. ಇಲ್ಲವೆಂದ. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು.

ಸಿದ್ದಲಿಂಗಸ್ವಾಮಿ ಕ್ಷೌರದ ಕತ್ತಿ ಹಿಡಿದ ಕೈಯನ್ನು ಹಾಗೇ ಮೇಲೆತ್ತಿಕೊಂಡು ಕೂತಿದ್ದ. ಕೆನ್ನೆಯ ನೊರೆ ಒಣಗತೊಡಗಿತ್ತು. ದೇವರ ಮನೆಯಿಂದ ಕ್ಯಾಲೆಂಡರ್ ಸುತ್ತುವ ಸದ್ದು ಬಂತು, ಸ್ವಲ್ಪ ಹೊತ್ತಿಗೆ ಮೊಳೆ ಹೊಡೆಯುವ ಸದ್ದು.