ಈ ಗದ್ದ ಯಾರದ್ದು?

ನಮ್ಮ ಮಗಳು ಖ್ವೇಗೆ ಎಂಟು ವರ್ಷ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಮೇಲಿನದನ್ನು ದಾಟಿ ಮುಂದೆ ಬರುತ್ತದೆ, ಗದ್ದವೂ ಹಾಗೆಯೇ. ಅವಳಿಗೆ ಹಾಲುಹಲ್ಲು ಬಂದಾಗಿನಿಂದ ಅತ್ತೆ ನನ್ನನ್ನು ಕೇಳುತ್ತಿದ್ದುದು ಒಂದೇ ಮಾತು: "ಈ ಗದ್ದ ಯಾರದ್ದು?" ನಮ್ಮೂರು ಕಾನ್ ಥೋದ ಪೇಟೆಯಲ್ಲಿ ನಾವು ನೂಡಲ್ಸ್ ಮಾರುವಾಗ ಗಿರಾಕಿಗಳೆದುರೂ ಕೇಳುತ್ತಿದ್ದರು. ಈಚೆಗೆ ನನ್ನ ಗಂಡ ತ್ವಾನ್ ಕೂಡ "ಮಗು ಯಾರದ್ದು ಅಂತ ರಕ್ತಪರೀಕ್ಷೆ ಮಾಡಿಸೋಣ" ಎನ್ನತೊಡಗಿದ್ದ.

ಹಲ್ಲಿನ ಡಾಕ್ಟರಮ್ಮ ಮಗುವಿನ ಗದ್ದವನ್ನು ಹಿಂದಕ್ಕೆ ಒತ್ತಿ, "ಮೇಲಿನ ಮುಂದಿನ ಹಲ್ಲಿಗೆ ಕೆಳಗಿನ ಹಲ್ಲು ಮುಟ್ಟಿಸು ಪುಟ್ಟಿ" ಎಂದರು. ಮುಟ್ಟಲಿಲ್ಲ.

"ಇದು ದವಡೆ ಮೂಳೆದ್ದೇ ತೊಂದ್ರೆ. ಈಗ ಮುಖಕ್ಕೆ ಪಟ್ಟಿ ಹಾಕಿ ಮೇಲ್ದವಡೆ ಮುಂದಕ್ಕೆ ಎಳೀಬಹುದು. ಆದ್ರೆ ವಂಶದಲ್ಲೇ ಇದ್ರೆ ಬೆಳೀತಾ ಮತ್ತೆ ಮುಂದೆ ಬರಬಹುದು, ದೊಡ್ಡವಳಾದ ಮೇಲೆ ಆಪರೇಷನ್ ಬೇಕಾಗಬಹುದು. ಮನೆಯವರ ಫೋಟೋ ತನ್ನಿ."

ಮಾರನೇ ದಿನ ಅತ್ತೆ ಊದುಬತ್ತಿ ಹಚ್ಚಿ, ಹಿರಿಯರ ಕ್ಷಮೆ ಕೇಳಿ, ಪೂಜೆಯ ಪೀಠದಿಂದ ನಾಲ್ಕು ಫೋಟೋ ಇಳಿಸಿದರು. ಕೆಂಪು ಬಟ್ಟೆಯಲ್ಲಿ ಸುತ್ತಿ ತಂದು ಡಾಕ್ಟರ ಮೇಜಿನ ಮೇಲೆ ಸಾಲಾಗಿ ಇಟ್ಟರು. ಸತ್ತವರನ್ನೇ ನನ್ನ ವಿರುದ್ಧ ಸಾಕ್ಷಿಗೆ ಕರೆತಂದಿದ್ದರು!

"ನೋಡಿ ಡಾಕ್ಟ್ರೇ. ನಮ್ಮ ಯಜಮಾನರು, ಮಾವ, ಅವರಪ್ಪ, ಅವರಮ್ಮ. ಯಾರಿಗಾದ್ರೂ ಇದೆಯಾ?" ನನ್ನತ್ತ ತಿರುಗಿದರು. "ಈಗ ಬಾಯಿ ಬಿಡು ತಾಯಿ."

ತ್ವಾನ್ ನೆಲ ನೋಡುತ್ತಿದ್ದ. ಎದ್ದು ಹೋಗಿಬಿಡೋಣ ಅನ್ನಿಸಿತು. ಮಗು ಕೈ ಹಿಡಿದಿದ್ದಳು, ಕೂತೆ.

"ಇವರೆಲ್ಲ ಗಂಡನ ಕಡೆಯವರು," ಎಂದರು ಡಾಕ್ಟರಮ್ಮ. "ಅಜ್ಜಿ, ನಿಮ್ಮ ತವರಿನವರು?"

"ತವರಿನವರನ್ನ ಗಂಡನ ಮನೆ ಪೀಠದಲ್ಲಿ ಯಾರು ಇಡ್ತಾರೆ?"

"ಇಡಬೇಡಿ, ಹೇಳಿ ಸಾಕು. ನಾನು ತಪ್ಪು ತಿಳ್ಕೊಂಡ್ರೆ ಅನುಭವಿಸೋಳು ಈ ಹುಡುಗಿ."

ಖ್ವೇ ಮೆಲ್ಲಗೆ ಕೇಳಿದಳು: "ಹಲ್ಲೆಲ್ಲ ಕಿತ್ತುಬಿಟ್ರೆ ಸರಿಹೋಗತ್ತಾ?"

"ಬೇಡ!" ಅತ್ತೆ ಚೀರಿದರು. "ಬೇಡ ಕಂದಾ!"

ತಮ್ಮ ಬಾಯಿಗೆ ಬೆರಳು ಹಾಕಿ, ಎರಡೂ ಸಾಲು ಕಟ್ಟಿಸಿದ ಹಲ್ಲು ಹೊರತೆಗೆದು, ತಮ್ಮ ಗಂಡನ ಫೋಟೋ ಪಕ್ಕದಲ್ಲಿಟ್ಟರು. ಬಾಯಿ ಮುಚ್ಚಿದಾಗ ಗದ್ದ ಮುಂದೆ ಬಂತು. ಅದು ಖ್ವೇಯ ಗದ್ದವೇ.

"ನಂದೇ. ನಮ್ಮಪ್ಪಂದು," ಎಂದು ತೊದಲಿದರು. "ಹದಿನೇಳಕ್ಕೆ, ಹೆಣ್ಣು ನೋಡೋಕೆ ಬರೋ ಮುಂಚೆ, ಪೇಟೆ ಹಲ್ಲಿನವನ ಹತ್ರ ಎಲ್ಲಾ ಕೀಳಿಸಿ, ಗದ್ದ ಕಾಣದ ಹಾಗೆ ಬೇರೆ ಹಲ್ಲು ಕಟ್ಟಿಸಿದ್ರು. ಇವರಿಗೂ ಗೊತ್ತಿರ್ಲಿಲ್ಲ, ಸಾಯೋವರೆಗೂ."

ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಇಷ್ಟು ವರ್ಷ ನನ್ನೆಲೆಯಲ್ಲಿ ನೊಣ ಹುಡುಕಿದ ಹೆಂಗಸು! ಸಿಟ್ಟು ನೆತ್ತಿಗೇರಿತು. ಆದರೆ ಹದಿನೇಳರ ಆ ಹುಡುಗಿಯನ್ನು ನೆನೆದು ಅಳುವೂ ಬಂತು.

ತ್ವಾನ್ ನನ್ನ ಕೈ ಹಿಡಿಯಲು ಬಂದ. ಕೊಡಲಿಲ್ಲ.

"ನನ್ನ ಹತ್ರ ಆಮೇಲೆ ಬಾ," ಎಂದೆ. "ಮೊದ್ಲು ನಿಮ್ಮಮ್ಮನ ಮುಖ ನೋಡು. ಇವತ್ತಿನವರೆಗೂ ನೋಡೇ ಇಲ್ಲ ನೀನು."