ಗಾಡಿ ಬಾರದ ರಸ್ತೆ

ಉಳವಪ್ಪ ಮತ್ತು ಶೈಲೇಶ ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಆಮೇಲೆ ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ಒಂದೇ ಕಂಪನಿಯ ಬೇರೆ ಬೇರೆ ಮಹಡಿಗಳಲ್ಲಿ ಹದಿನಾರು ವರ್ಷ ದುಡಿದರು. ಶೈಲೇಶ ಮದುವೆಯಾಗಲಿಲ್ಲ. ಅವನ ಭಾನುವಾರದ ಊಟ ಉಳವಪ್ಪನ ಮನೆಯಲ್ಲೇ. ಉಳವಪ್ಪನ ಹೆಂಡತಿ ಭೂಮಿಕಾ ಅವನನ್ನು ಅಣ್ಣ ಎನ್ನುತ್ತಿದ್ದಳು. ಮಗಳು ಪವಿಗೆ ಸೈಕಲ್ ಕಲಿಸಿದವನೂ ಅವನೇ.

ಗೆಳೆಯರಿಬ್ಬರಿಗೂ ಸೈಕಲ್ಲಿನ ಹುಚ್ಚು. ಆದರೆ ಐದು ವರ್ಷದ ಹಿಂದೆ ಊರಾಚೆಯ ರಸ್ತೆಯಲ್ಲಿ ಒಂದು ವ್ಯಾನಿನ ಕನ್ನಡಿ ಉಳವಪ್ಪನ ಭುಜಕ್ಕೆ ಬಡಿದು, ಅವನು ಚರಂಡಿಗೆ ಬಿದ್ದು ಹೆಗಲ ಎಲುಬು ಮುರಿದುಕೊಂಡಿದ್ದ. ಎಲುಬು ಕೂಡಿತು, ಹೆದರಿಕೆ ಹೋಗಲಿಲ್ಲ. ಹಿಂದಿನಿಂದ ಗಾಡಿಯ ಸದ್ದು ಕೇಳಿದರೆ ಸಾಕು, ಬ್ರೇಕ್ ಹಿಡಿದು ಇಳಿದುಬಿಡುತ್ತಿದ್ದ. ಆಗ ಶೈಲೇಶ ನಕಾಶೆ ಹರಡಿಕೊಂಡು ಕೂತ. ಸ್ಪೇನಿನ ಪೂರ್ವಕ್ಕೆ, ತೆರುಎಲ್ ಸೀಮೆಯಲ್ಲಿ, ಜನ ಬಿಟ್ಟುಹೋದ ಊರುಗಳ ನಡುವೆ ಒಳ್ಳೆಯ ಡಾಂಬರಿನ ರಸ್ತೆಗಳಿದ್ದವು. ತಾಸಿಗೊಂದು ಗಾಡಿ ಬಂದರೆ ಹೆಚ್ಚು. ಅಲ್ಲಿಂದ ಮುಂದೆ ಪ್ರತಿ ಏಪ್ರಿಲ್‌ನಲ್ಲಿ ಒಂದು ವಾರ ಅವರು ಅಲ್ಲಿಗೆ ಹೋಗತೊಡಗಿದರು. ದಾರಿ ಆರಿಸುವ ಕೆಲಸ ಯಾವಾಗಲೂ ಶೈಲೇಶನದೇ.

ಈ ವರ್ಷ ಹೊರಡುವ ಮುನ್ನ ಮನೆಯಲ್ಲಿ ಜಗಳವಾಯಿತು. ಹದಿನಾರು ತುಂಬಿದ ಪವಿಗೆ ಅದೇ ವಾರ ಈಜಿನ ಸ್ಪರ್ಧೆ ಇತ್ತು. ಬರುತ್ತೇನೆ ಎಂದು ಮಾತು ಕೊಟ್ಟಿದ್ದ ಅಪ್ಪ ತಾರೀಖು ಮರೆತು ವಿಮಾನದ ಟಿಕೆಟ್ ಮಾಡಿಸಿದ್ದ. ‘ಹಾಗಾದರೆ ಹೋಗು’ ಎಂದು ಜರ್ಮನ್‌ನಲ್ಲಿ ಹೇಳಿ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಅವನು ಹೊರಡುವಾಗಲೂ ಹೊರಗೆ ಬರಲಿಲ್ಲ.

ಮೂರನೆಯ ದಿನ ಅವರು ಏರುದಾರಿಯೊಂದನ್ನು ಹಿಡಿದಿದ್ದರು. ಒಣಗಿದ ಗುಡ್ಡ, ಬಾದಾಮಿ ಗಿಡಗಳು, ಬಿದ್ದ ಗೋಡೆಗಳ ಕುರಿದೊಡ್ಡಿ. ಹಕ್ಕಿಯ ಸದ್ದು, ಚೈನಿನ ಸದ್ದು, ಬೇರೆ ಏನೂ ಇಲ್ಲ.

“ಮುಂಜಾನಿಂದ ಎಷ್ಟು ಗಾಡಿ ಬಂದ್ವಲೇ?” ಉಳವಪ್ಪ ಕೇಳಿದ.

“ಒಂದು ಟ್ರ್ಯಾಕ್ಟರ್. ಅದೂ ನಿಂತಿತ್ತು.”

ಉಳವಪ್ಪ ನಗುತ್ತಲೇ ಹತ್ತಿದ. ಸ್ವಲ್ಪ ಹೊತ್ತಿಗೆ ಸೈಕಲ್ ನಿಲ್ಲಿಸಿ ರಸ್ತೆ ಬದಿಯ ಕಲ್ಲುಗೋಡೆಗೆ ಒರಗಿದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಎದ್ಯಾಗ ಏನೋ ಹಿಡದಂಗ ಆಗೇತಿ ದೋಸ್ತ. ಸ್ವಲ್ಪ ಕುಂದರ್ತೀನಿ.”

ಇಬ್ಬರ ಫೋನಿನಲ್ಲೂ ಸಿಗ್ನಲ್ ಇರಲಿಲ್ಲ. ಶೈಲೇಶ ಅವನನ್ನು ನೆರಳಿಗೆ ಮಲಗಿಸಿ, ಬೂಟು ಬಿಚ್ಚಿ, ನೀರು ಕುಡಿಸಿದ. ರಸ್ತೆಯ ಎರಡೂ ತುದಿ ನೋಡಿದ. ಯಾರೂ ಬರಲಿಲ್ಲ. ಹತ್ತು ನಿಮಿಷ ಕಾದ. ಉಳವಪ್ಪನ ಹಣೆಯ ಬೆವರು ನಿಲ್ಲುತ್ತಿರಲಿಲ್ಲ.

“ನೀ ಹೋಗಲೇ. ಕೆಳಗ ಎಲ್ಲೆರೆ ಫೋನ್ ಹತ್ತತೈತಿ. ನಾ ಎಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಿ.”

“ನಿನ್ನ ಒಬ್ಬನ್ನ ಬಿಟ್ಟು ಹೆಂಗ ಹೋಗ್ಲಿ?”

“ಇಬ್ಬರೂ ಇಲ್ಲೇ ಕುಂತು ಏನ್ ಮಾಡೂದು?” ಎಂದು ಉಳವಪ್ಪ ಕಣ್ಣು ಮುಚ್ಚಿದ. ಮತ್ತೆ ತೆರೆದ. “ಪವಿಗೆ ಹೇಳು, ಮುಂದಿನ ಸಲ ಖರೇನ ಬರ್ತೀನಿ ಅಂತ. ತಪ್ಪು ನಂದs.”

“ನೀನs ಹೇಳೀಯಂತ,” ಎಂದು ಶೈಲೇಶ ಸೈಕಲ್ ಹತ್ತಿದ.

ಏಳು ಕಿಲೋಮೀಟರು ಇಳಿದ ಮೇಲೆ ಒಂದು ತಿರುವಿನಲ್ಲಿ ಫೋನ್ ಹತ್ತಿತು. ತುರ್ತು ಸೇವೆಯವರು ಹೆಲಿಕಾಪ್ಟರ್ ಕಳಿಸುತ್ತೇವೆ ಎಂದರು. ಅವನು ಅಷ್ಟೂ ದಾರಿ ತಿರುಗಿ ಹತ್ತಿದ. ಜೀವನದಲ್ಲಿ ಎಂದೂ ಅಷ್ಟು ಜೋರಾಗಿ ತುಳಿದಿರಲಿಲ್ಲ. ತಲುಪಿದಾಗ ಉಳವಪ್ಪ ಮಲಗಿದ್ದಲ್ಲೇ ಇದ್ದ, ಮುಖ ರಸ್ತೆಯ ಕಡೆ ಹೊರಳಿತ್ತು. ಜೀವ ಹೋಗಿತ್ತು.

ಮಧ್ಯಾಹ್ನ ಭೂಮಿಕಾಳಿಗೆ ಫೋನ್ ಮಾಡಿದಾಗ ಅವಳು ಕೂಗಲಿಲ್ಲ. ಒಂದೇ ಮಾತು ಕೇಳಿದಳು.

“ನೀವು ಹತ್ರ ಇದ್ರಿ, ಹೌದಲ್ರಿ ಅಣ್ಣಾ?”

“ಇದ್ದೆ,” ಎಂದ ಶೈಲೇಶ.

ಅವಳ ಉಸಿರು ಸ್ವಲ್ಪ ಸಡಿಲಾದದ್ದು ಫೋನಿನಲ್ಲೇ ಕೇಳಿಸಿತು. ಅದಕ್ಕಾಗಿಯೇ ಅವನು ಇನ್ನೂ ಒಂದು ಮಾತು ಸೇರಿಸಿದ. ಒಂದು ಕ್ಷಣದಲ್ಲಿ ಮುಗಿದುಹೋಯಿತು, ತ್ರಾಸಾಗಲಿಲ್ಲ, ತಲೆ ನನ್ನ ತೊಡೆಯ ಮೇಲಿತ್ತು.

ಅದು ಅಲ್ಲಿಗೇ ನಿಲ್ಲಲಿಲ್ಲ. ಮಣ್ಣು ಮಾಡಲು ಉಳವಪ್ಪನ ಹುಟ್ಟೂರು ನವಲಗುಂದಕ್ಕೆ ಹೋದಾಗ ಅವನ ತಾಯಿ ಮಹಾಂತಮ್ಮ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. “ನನ್ನ ಮಗ ಪರದೇಶದಾಗ ಅನಾಥ ಆಗ್ಲಿಲ್ರಿ. ಗೆಳ್ಯಾನ ತೊಡಿ ಮ್ಯಾಲೆ ಜೀವಾ ಬಿಟ್ಟ.” ಹೇಳುತ್ತಾ ಶೈಲೇಶನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಬಾಯಿ ತೆರೆಯಲು ಅವನಿಗೆ ಧೈರ್ಯ ಬರಲಿಲ್ಲ. ಪವಿಗೆ ಹೇಳು ಎಂದಿದ್ದ ಮಾತೂ ಹಾಗೆಯೇ ಒಳಗೆ ಉಳಿಯಿತು. ಕ್ಷಣದಲ್ಲಿ ಸತ್ತವನು ಅಷ್ಟೆಲ್ಲ ಮಾತಾಡಲು ಹೇಗೆ ಸಾಧ್ಯ?

ಪವಿ ಈಜುವುದನ್ನು ಬಿಟ್ಟಳು. ಊಟಕ್ಕೆ ಕೂತರೆ ಎರಡು ತುತ್ತು, ಏಳುವುದು. ಭಾನುವಾರಗಳಂದು ಅವಳೆದುರು ಕೂತು ಶೈಲೇಶ ಆ ಮಾತನ್ನು ಅನ್ನದ ಜೊತೆ ನುಂಗುತ್ತಿದ್ದ.

ಆಗಸ್ಟ್‌ನಲ್ಲಿ ಸ್ಪೇನ್ ಪೊಲೀಸರಿಂದ ಉಳವಪ್ಪನ ವಸ್ತುಗಳು ಬಂದವು. ಅದರಲ್ಲಿ ಅವನ ಕೈಗಡಿಯಾರವೂ ಇತ್ತು. ಸಾಗಿದ ದಾರಿಯನ್ನೂ ಎದೆಬಡಿತವನ್ನೂ ಬರೆದಿಡುವಂಥದು. ಮುಂದಿನ ಭಾನುವಾರ ಶೈಲೇಶ ಒಳಗೆ ಬಂದಾಗ ಪವಿ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಭೂಮಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಅಂಕಲ್, ಇದು ಪಪ್ಪಾನ ಟ್ರ್ಯಾಕ್. ಇದು ನಿಮ್ದು, ನೀವಿಬ್ರೂ ಶೇರ್ ಮಾಡ್ತಿದ್ದ ಆ್ಯಪ್‌ನಲ್ಲಿ ಇನ್ನೂ ಇದೆ.” ಎರಡು ಗೆರೆಗಳನ್ನು ಬೆರಳಿಂದ ತೋರಿಸಿದಳು. “ನೀವು ಹನ್ನೊಂದು ಐವತ್ತೆರಡಕ್ಕೆ ಹೋಗಿದೀರಿ. ಪಪ್ಪಾನ ಹಾರ್ಟ್ ಹನ್ನೆರಡು ಹತ್ತೊಂಬತ್ತರ ತನಕ ಇದೆ. ಇಪ್ಪತ್ತೇಳು ನಿಮಿಷ.” ಆಮೇಲೆ ಜರ್ಮನ್‌ನಲ್ಲಿ, “ವಾರುಮ್? ಯಾಕೆ ಸುಳ್ಳು ಹೇಳಿದ್ರಿ?”

ಶೈಲೇಶ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಸಿಗ್ನಲ್ ಇಲ್ಲದ್ದು, ಕಾದದ್ದು, ಬಿಟ್ಟು ಹೋದದ್ದು. ಭೂಮಿಕಾ ಗೋಡೆ ಹಿಡಿದು ಕೆಳಗೆ ಕೂತಳು.

“ಒಬ್ರs ಇದ್ರು,” ಎಂದಳು. “ಇಪ್ಪತ್ತೇಳು ನಿಮಿಷ ಒಬ್ರs.”

“ನಾ ಹೋಗದಿದ್ರ ಯಾರೂ ಬರ್ತಿರ್ಲಿಲ್ಲ ತಂಗಿ.”

“ಹೋಗಿದ್ದಕ್ಕ ನಾ ಏನರೆ ಅಂದ್ನೇನು? ಹೋಗಬೇಕಾಗಿತ್ತು, ಹೋದ್ರಿ. ನನ್ನ ಮುಂದ ಯಾಕ ಹೇಳ್ಲಿಲ್ಲ?”

ಶೈಲೇಶ ಪವಿಯ ಕಡೆ ತಿರುಗಿ, ನಾಲ್ಕು ತಿಂಗಳು ತಡವಾಗಿ, ಆ ಮಾತು ಹೇಳಿದ.

ಪವಿ ಲ್ಯಾಪ್‌ಟಾಪ್ ಮುಚ್ಚಿದಳು. “ಮತ್ತೊಮ್ಮೆ ಹೇಳಿ. ಪಪ್ಪಾ ಹೇಳಿದ ಹಾಗೇ.”

“ಪವಿಗೆ ಹೇಳು, ಮುಂದಿನ ಸಲ ಖರೇನ ಬರ್ತೀನಿ ಅಂತ. ತಪ್ಪು ನಂದs.”

“ಇದನ್ನ ನೀವು ಇಟ್ಕೊಂಡಿದ್ರಿ,” ಎಂದಳು. ದನಿ ಏರಲಿಲ್ಲ. “ಏಪ್ರಿಲ್‌ನಿಂದ. ಪಪ್ಪಾ ನನ್ನ ಮೇಲೆ ಸಿಟ್ಟಲ್ಲೇ ಹೋದ್ರು ಅಂತ ನಾನು ದಿನಾ ಅಂದ್ಕೊಂಡೆ. ನೀವು ಇಲ್ಲೇ ಕೂತು ಊಟ ಮಾಡ್ತಿದ್ರಿ.”

ಅವಳು ಎದ್ದು ಕೋಣೆಗೆ ಹೋದಳು. ಭೂಮಿಕಾ ನೆಲ ನೋಡುತ್ತಲೇ ಹೇಳಿದಳು, “ಈಗ ಹೋಗ್ರಿ ಅಣ್ಣಾ. ಅತ್ತಿ ಮುಂದ ಮಾತ್ರ ಇದನ್ನ ಆಡಬ್ಯಾಡ್ರಿ. ಅವರು ತಡಕೊಳ್ಳೂದಿಲ್ಲ.”

ಎರಡು ತಿಂಗಳು ಆ ಮನೆಯಿಂದ ಫೋನ್ ಬರಲಿಲ್ಲ. ಬರುತ್ತಿದ್ದದ್ದು ನವಲಗುಂದದಿಂದ. ಮಹಾಂತಮ್ಮ ವಾರಕ್ಕೊಮ್ಮೆ ಮಾಡಿ, ಮಗನ ಕೊನೆಯ ಗಳಿಗೆಯನ್ನು ಮತ್ತೆ ಹೇಳಿಸಿಕೊಳ್ಳುತ್ತಿದ್ದರು. ಶೈಲೇಶ ಹೇಳುತ್ತಿದ್ದ. ಈಗ ಆ ಸುಳ್ಳು ಅವನೊಬ್ಬನದೇ ಆಗಿರಲಿಲ್ಲ, ಆದರೂ ಭಾರ ಕಡಿಮೆಯಾಗಲಿಲ್ಲ. ಸೈಕಲನ್ನು ನೆಲಮಾಳಿಗೆಯ ಗೋಡೆಗೆ ಒರಗಿಸಿ ಮತ್ತೆ ಮುಟ್ಟಿರಲಿಲ್ಲ. ಕ್ಯಾಂಟೀನಿನಲ್ಲಿ ಒಬ್ಬನೇ ಉಣ್ಣುತ್ತಿದ್ದ.

ಅಕ್ಟೋಬರ್ ಕೊನೆಗೆ ಭೂಮಿಕಾಳ ಸಂದೇಶ ಬಂತು. ಪವಿ ನಿಮ್ಮನ್ನು ಕೇಳುತ್ತಿದ್ದಾಳೆ, ಶನಿವಾರ ಬನ್ನಿ.

ಪವಿ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ತೆಳ್ಳಗಾಗಿದ್ದಳು. ಕ್ಷಮೆಯ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

“ಆ ದಿನ ಪೂರ್ತಿ ಹೇಳಿ,” ಎಂದಳು. “ಬೆಳಿಗ್ಗೆಯಿಂದ. ಏನೂ ಬಿಡಬೇಡಿ. ಒಳ್ಳೇದು ಮಾಡಿ ಹೇಳಬೇಡಿ.”

ಅವನು ಶುರುಮಾಡಿದ. ಆರೂವರೆಗೆ ಎದ್ದದ್ದು. ಉಳವಪ್ಪ ಟೈರಿಗೆ ಗಾಳಿ ಹೊಡೆದದ್ದು. ತಂಗಿದ್ದ ಮನೆಯ ಅಜ್ಜಿ ಆಲೂಗಡ್ಡೆಯ ದಪ್ಪ ಆಮ್ಲೆಟ್ ಕೊಟ್ಟದ್ದು.

“ಸಪ್ಪಗೈತಿ ಅಂದ. ಚೀಲದಾಗಿಂದ ಶೇಂಗಾ ಚಟ್ನಿ ತಗದು ಮ್ಯಾಲೆ ಸುರಕೊಂಡ. ಆ ಅಜ್ಜಿಗೂ ಒಂದು ಚಮಚ ಹಾಕಿದ. ಆಕಿಗೆ ಕೆಮ್ಮು ಬಂದು ಕಣ್ಣಾಗ ನೀರು. ಇವಾ ಗಾಬರಿ ಆಗಿ ಕನ್ನಡದಾಗ ಮಾತಾಡಾಕ ಹತ್ತಿದ. ‘ನೀರು ಕುಡೀರಿ ಯವ್ವಾ, ನೀರು ಕುಡೀರಿ.’ ಆಮೇಲೆ ಇಬ್ಬರೂ ನಕ್ಕರು. ಎರಡು ತಾಟು ತಿಂದ.”

ಪವಿ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು. ಹೆಗಲು ಅಲುಗಾಡುತ್ತಿತ್ತು. ಮಣ್ಣಿನ ದಿನವೂ ಅಳದ ಹುಡುಗಿ. ಶೈಲೇಶ ಮಾತು ನಿಲ್ಲಿಸಿದ. ಭೂಮಿಕಾ ಮಗಳ ಪಕ್ಕಕ್ಕೆ ಸರಿದು ಅವಳ ಬೆನ್ನ ಮೇಲೆ ಕೈಯಿಟ್ಟಳು.

“ನಿಲ್ಲಿಸಬ್ಯಾಡ್ರಿ,” ಎಂದಳು. “ಮುಂದ ಏನಾತು?”