ದೀಪದ ಕೆಳಗಿನ ಚೀಟಿ

"ಹೊಟ್ಟಿ ಅಡ್ಡ ಬರತೈತ್ರಿ ಅಯ್ನಾರ, ಕುಂದರ್ಸಾಕ ಬರವಲ್ದು," ಎಂದ ಶಂಕ್ರಪ್ಪ.

ಅಣ್ಣನ ಮಗ ಉಳಿವೆಪ್ಪನ ಹೆಣವನ್ನು ಗೋಡೆಗೊರಗಿಸಲು ಅವನೂ ಇನ್ನಿಬ್ಬರೂ ಬೆಳಗಿನಿಂದ ಒದ್ದಾಡುತ್ತಿದ್ದರು. ಲಿಂಗ ಕಟ್ಟಿದವರನ್ನು ಮಲಗಿಸಿ ಒಯ್ಯುವ ಪದ್ಧತಿ ಇವರಲ್ಲಿಲ್ಲ. ಕೂತೇ ಮನೆ ಬಿಡಬೇಕು, ಕುಣಿಯಲ್ಲೂ ಕೂತೇ ಇರಬೇಕು. ಮೂವತ್ನಾಲ್ಕು ವರ್ಷದ ಉಳಿವೆಪ್ಪನ ಹೊಟ್ಟೆಯೋ, ನೀರು ತುಂಬಿ ಬಿಂದಿಗೆಯಂತೆ ಬಿಗಿದಿತ್ತು. ಕುಡಿದೂ ಕುಡಿದೂ ಲಿವರ್ ಕಲ್ಲಾಗಿ, ಕಾಲು ಬಾತು, ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿ, ನಿನ್ನೆ ಸಂಜೆ ರಕ್ತ ಕಾರಿಕೊಂಡು ಹೋಗಿದ್ದ. ಈಗ ತೊಡೆ ಮಡಚಿದರೆ ಹೊಟ್ಟೆ ತಳ್ಳುತ್ತಿತ್ತು, ಹೊಟ್ಟೆ ಒತ್ತಿದರೆ ಬೆನ್ನು ಜಾರುತ್ತಿತ್ತು. ಬದುಕಿದ್ದಾಗ ಯಾರ ಮಾತೂ ಕೇಳದವನು ಸತ್ತ ಮೇಲೆ ಕೇಳುತ್ತಾನೆಯೇ?

ಕೊನೆಗೆ ತಾಯಿ ದಾನವ್ವನೇ ಮಗನ ಹಿಂದೆ ಕೂತು, ಎರಡೂ ಕೈಗಳನ್ನು ಅವನ ಬೆನ್ನಿಗೆ ಕೊಟ್ಟು ಆನಿಕೆಯಾದಳು.

ಹಿರೇಬೆಂಡಿಗೇರಿಯ ಹೆಂಗಸರು ಪಡಸಾಲೆ ತುಂಬ ಕೂತಿದ್ದರು. ಅಳು ನಿಂತಾಗಲೆಲ್ಲ ಮಾತು ಸೊಸೆ ಶೇಖವ್ವನ ಕಡೆಗೇ ಹೊರಳುತ್ತಿತ್ತು. ಎರಡು ಹಡೆದಳು, ಎರಡೂ ಸತ್ತೇ ಹುಟ್ಟಿದವು, ಎಂಥ ಕಾಲ್ಗುಣವೋ ಎಂದಳು ಒಬ್ಬಳು. ನಾಲ್ಕು ವರ್ಷದಿಂದ ಗಂಡನನ್ನು ಹಾಸಿಗೆಗೇ ಸೇರಿಸಲಿಲ್ಲವಂತೆ, ಕುಡಿಯದೆ ಅವನಾದರೂ ಏನು ಮಾಡಿಯಾನು ಎಂದಳು ಇನ್ನೊಬ್ಬಳು. ಶೇಖವ್ವ ಅಡುಗೆಮನೆಯ ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಶಂಕ್ರಪ್ಪ ಬೆವರು ಒರೆಸಿಕೊಂಡು ಅತ್ತಿಗೆಯ ಕಡೆ ಬಾಗಿದ. ದನಿಯನ್ನೇನೂ ತಗ್ಗಿಸಲಿಲ್ಲ.

"ವೈನಿ, ಮಕ್ಕಳಿಲ್ಲ, ಮರಿಯಿಲ್ಲ. ಮೂರನೇ ದಿನದ್ದು ಮುಗದಕೂಡ್ಲೆ ಆಕಿನ್ನ ತಿಳವಳ್ಳಿ ಬಸ್ಸಿಗೆ ಹತ್ತಿಸಿಬಿಡೂಣು. ತೌರುಮನಿಯಾವ್ರು ನೋಡ್ಕೊಳ್ತಾರ. ಇಲ್ಲಿ ಆಕೀದೇನ ಉಳದೈತಿ?"

ದಾನವ್ವ ಜಾರುತ್ತಿದ್ದ ಮಗನ ಬೆನ್ನನ್ನು ಮತ್ತೆ ಎತ್ತಿ ಹಿಡಿದಳು.

"ದೇವರ ಜಗಲಿ ಮ್ಯಾಲಿನ ವಿಭೂತಿ ತರ್ರಿ," ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

ಶೇಖವ್ವ ಎದ್ದಳು. "ನೀ ಬ್ಯಾಡ, ನಾ ತರ್ತೇನಿ," ಎಂದು ದಾನವ್ವ ಕೈ ಸಡಿಲಿಸಿದಳೋ ಇಲ್ಲವೋ, ಉಳಿವೆಪ್ಪ ಬಲಕ್ಕೆ ವಾಲಿದ.

"ಹಿಡ್ಕೋ ವೈನಿ, ಕೈ ಬಿಡಬ್ಯಾಡ," ಎಂದ ಶಂಕ್ರಪ್ಪ.

ದಾನವ್ವ ಹಿಡಿದುಕೊಂಡಳು. ಸೊಸೆ ದೇವರ ಕೋಣೆಗೆ ನಡೆದಳು.

*

ಏಳು ವರ್ಷದ ಹಿಂದಿನ ಮಾತು. ಉಳಿವೆಪ್ಪ ಗೋವಿನಜೋಳದ ರಾಶಿ ಮಾಡುವ ಮಷಿನ್ ನಡೆಸುತ್ತಿದ್ದ. ಸುಗ್ಗಿ ಬಂತೆಂದರೆ ಸವಣೂರು, ಹಿರೇಕೆರೂರು ಎಂದು ಎರಡೆರಡು ತಿಂಗಳು ಊರೂರು ತಿರುಗುತ್ತಿದ್ದ. ಹಗಲೆಲ್ಲ ಧೂಳು, ಸಂಜೆಗೆ ದಾರು, ಅದರಾಚೆ ಎಲ್ಲೆಲ್ಲಿಗೆ ಹೋಗುತ್ತಿದ್ದನೋ. ಮದುವೆಯಾಗಿ ಮೂರು ತಿಂಗಳಿಗೆ ಅಂಗೈ ತುಂಬ ಕೆಂಪು ಗಂದೆ ಎಬ್ಬಿಸಿಕೊಂಡು ಬಂದ. ದಾನವ್ವನೇ ದವಾಖಾನೆಗೆ ಕರೆದೊಯ್ದಳು.

ಗುಪ್ತರೋಗ ಎಂದರು ಡಾಕ್ಟರು. ಹಾಗೇ ಬಿಟ್ಟರೆ ಮುಂದೆ ಎದೆಗೂ ಮಿದುಳಿಗೂ ಏರುತ್ತದೆ, ಕುಡಿತ ಬಿಡದಿದ್ದರೆ ಲಿವರೂ ಉಳಿಯುವುದಿಲ್ಲ ಎಂದು ಅವನಿಗೆ ಬಯ್ದರು. ಆಮೇಲೆ ಒಂದು ಚೀಟಿ ಬರೆದು, ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು ದಾನವ್ವನಿಗೆ ತೋರಿಸಿದರು.

"ಹೆಂಡ್ತಿನ್ನೂ ಕರ್ಕೊಂಡ್ ಬರ್ರಿ ಅಂತ ಬರದೇನಿ, ಅವ್ವಾರ. ಸೂಜಿ ಇಬ್ಬರಿಗೂ ಆಗಬೇಕು. ಇಲ್ಲಾಂದ್ರ ನಾಳೆ ಹೊಟ್ಟ್ಯಾಗಿನ ಕೂಸಿಗೆ ಇಳೀತೈತಿ."

ದಾನವ್ವ ಮರೆಯಲಿಲ್ಲ. ಆದರೆ ಆ ವಾರವೇ ಮಗಳು ಭಾಗ್ಯಶ್ರೀಯನ್ನು ನೋಡಲು ವರನ ಕಡೆಯವರು ಬರುವವರಿದ್ದರು. ಸೊಸೆಗೆ ಗೊತ್ತಾದರೆ ತಿಳವಳ್ಳಿಗೆ ಗೊತ್ತಾದಂತೆ, ತಿಳವಳ್ಳಿಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ. ಮಗನಿಗಷ್ಟೇ ಸೂಜಿ ಹಾಕಿಸಿ, ಚೀಟಿಯನ್ನು ಜಗಲಿಯ ಪೆಟ್ಟಿಗೆಯಲ್ಲಿ ವಿಭೂತಿ ಗಟ್ಟಿಯ ಕೆಳಗಿಟ್ಟಳು. ಹರಿದು ಒಗೆಯಲು ಧೈರ್ಯವಾಗಲಿಲ್ಲ. ಶರಣರ ಬೂದಿ ಮೇಲಿದ್ದರೆ ರೋಗವೂ ತೆಪ್ಪಗಿದ್ದೀತು ಎಂದುಕೊಂಡಳು.

ಶೇಖವ್ವ ಬಸುರಾದಾಗ ನರ್ಸಬಾಯಿ ರಕ್ತ ತೆಗೆಯಲು ಬಂದಳು. ನಮ್ಮ ಮನೆತನದಲ್ಲಿ ಬಸುರಿಯ ರಕ್ತ ತೆಗೆಸುವುದಿಲ್ಲ ಎಂದು ದಾನವ್ವ ಹೊಸಿಲಿನಿಂದಲೇ ಕಳಿಸಿದಳು. ಅಂಥ ಕಟ್ಟಳೆ ಆ ಮನೆಯಲ್ಲಿ ಎಂದೂ ಇರಲಿಲ್ಲ. ರಕ್ತ ಮಾತಾಡೀತೆಂಬ ಹೆದರಿಕೆ ಇತ್ತು, ಅಷ್ಟೇ. ಏಳು ತಿಂಗಳಿಗೊಂದು, ಎಂಟು ತಿಂಗಳಿಗೊಂದು. ಎರಡನ್ನೂ ದಾನವ್ವನೇ ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಳು.

*

ಶೇಖವ್ವ ಪೆಟ್ಟಿಗೆ ತಂದಿಟ್ಟಳು. ಅಯ್ಯನವರು ಮುಚ್ಚಳ ತೆಗೆದು ಗಟ್ಟಿ ಎತ್ತಿದರು. ಕೆಳಗೆ ಏನೂ ಇರಲಿಲ್ಲ.

ಹೊತ್ತು ಇಳಿಯುವ ಮೊದಲು ಉಳಿವೆಪ್ಪ ಹೇಗೋ ಕೂತು, ಹಗ್ಗ ಬಿಗಿಸಿಕೊಂಡು, ಭಜನೆಯ ಹಿಂದೆ ಮನೆ ಬಿಟ್ಟ. ಹೆಂಗಸರು ಊರ ಅಗಸಿ ಬಾಗಿಲವರೆಗೆ ಹೋಗಿ ತಂತಮ್ಮ ಮನೆಗೆ ಚದುರಿದರು. ಒಳಗೆ ಅತ್ತೆ ಸೊಸೆ ಇಬ್ಬರೇ ಉಳಿದರು. ಅವನು ಕೂತಿದ್ದ ಜಾಗವನ್ನು ಶೇಖವ್ವ ಎರಡು ಸಲ ತೊಳೆದು, ಹಣತೆ ಹಚ್ಚಿಟ್ಟಳು.

"ಪೆಟಗ್ಯಾಗ ಒಂದು ಚೀಟಿ ಇತ್ತು," ಎಂದಳು ದಾನವ್ವ.

"ಇತ್ರಿ. ವಿಭೂತಿ ತರಾಕ ಹೋದಾಗ ನಾನ ತಗದೆ. ನೀವು ಉಳವಿ ಜಾತ್ರಿಗೆ ಹೋದಾಗೆಲ್ಲ ಜಗಲಿ ಪೂಜಿ ಮಾಡಾಕಿ ನಾನ ಅಲ್ಲೇನ್ರಿ? ಓದಿ ನಾಕು ವರ್ಷಾತು." ಶೇಖವ್ವ ಬತ್ತಿ ಸರಿಮಾಡಿದಳು. "ಒಬ್ಬಾಕೀನ ಹೋಗಿ ಮೂರು ವಾರ ಮೂರು ಸೂಜಿ ಮಾಡಿಸ್ಕೊಂಡೆ. ನೀವೂ ಮತ್ತ ತೋರಿಸ್ಕೊಳ್ರಿ ಅಂತ ನಿಮ್ಮ ಮಗಗ ಹೇಳಿದ್ದಕ್ಕ ಬಾಟ್ಲಿ ತಗೊಂಡು ಹೊಡದ್ರು. ಅವತ್ತಿಂದ ಅಡಗಿಮನ್ಯಾಗ ಮಲಗೇನಿ."

"ನನ್ನ ಮುಂದ ಯಾಕ ಆಡಲಿಲ್ಲ?"

"ನೀವು ಯಾವಾಗ ಆಡ್ತೀರಿ ಅಂತ ಕಾಯ್ದೆ, ಅತ್ತಿ. ಮುಂಜಾನೆ ಸಣ್ಣ ಮಾವಾರು ಬಸ್ಸಿನ ಮಾತ ತಗದಾಗೂ ಕಾಯ್ದೆ."

ಸೊಂಟದಿಂದ ಮಡಚಿದ ಕಾಗದ ತೆಗೆದು, ಹಣತೆ ಎತ್ತಿ, ಅದರ ಕೆಳಗಿಟ್ಟಳು.

"ಈಗ ದೀಪ ನೋಡಾಕ ಬರ್ತಾರ. ಹೇಳೂದು ಬಿಡೂದು ನಿಮ್ಮ ಕೈಯಾಗೈತಿ."

ಮಣ್ಣು ಕೊಟ್ಟು ಬಂದವರು ದೀಪ ನೋಡದೆ ಮನೆಗೆ ಹೋಗುವಂತಿಲ್ಲ. ಮೊದಲು ಶಂಕ್ರಪ್ಪನೇ ಒಳಗೆ ಬಂದ. ಕೈ ಮುಗಿದು ಬಾಗಿದವನು ಹಾಗೇ ನಿಂತ.

"ದೀಪದ ಕೆಳಗ ಎಂಥಾ ಕಾಗದ ವೈನಿ?"

ಶೇಖವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದಾನವ್ವ ಅವಳನ್ನು ನೋಡಿದಳು, ಕಾಗದ ನೋಡಿದಳು.

"ಏನಿಲ್ಲ. ಎಣ್ಣಿ ನೆಲಕ್ಕ ಇಳೀಬಾರದಂತ ಇಟ್ಟೇನಿ."

ಶಂಕ್ರಪ್ಪ ಹೊರಗೆ ಹೋದ. ಶೇಖವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟ್ರಂಕಿನ ಚಿಲಕ ತೆಗೆದ ಸದ್ದಾಯಿತು.

ಹಣತೆಯಿಂದ ಎಣ್ಣೆ ಜಿನುಗಿ ಕಾಗದಕ್ಕೆ ಹಬ್ಬುತ್ತಿತ್ತು. ಒಳಮಡಿಕೆಯ ನೀಲಿ ಅಕ್ಷರಗಳು ಒಂದೊಂದಾಗಿ ಮೇಲೆ ಬಂದವು. ದಾನವ್ವನಿಗೆ ಓದಲು ಬಾರದು. ಆದರೆ ಕೊನೆಯಲ್ಲಿ ಎದ್ದ ಆ ಎರಡು ಗೆರೆಗಳ ಗುರುತು ಹತ್ತಿತು. ಬಾಗಿಲಾಚೆ ದೀಪ ನೋಡಲು ಬಂದ ಹದಿನೈದಿಪ್ಪತ್ತು ಮಂದಿ ಸಾಲಾಗಿ ಕಾಲು ತೊಳೆಯುತ್ತಿದ್ದರು.